39ನೇ ಮತ: ಬ್ರಯನ್ ಹ್ಯಾರಡೀನ್ ಎಂಬ ಪಕ್ಷೇತರ ಸೆನೆಟರ್

1999ರ ಮೇ 14, ಶುಕ್ರವಾರ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾ. ಅಲ್ಲಿನ ಸಂಸತ್ತಿನಲ್ಲಿ ಕೆಳಮನೆಯ ಆಸನಗಳು ಹಸಿರು, ಮೇಲ್ಮನೆಯಾದ ಸೆನೆಟ್‌ನ ಆಸನಗಳು ಕೆಂಪು. ಆ ಕೆಂಪು ಆಸನವೊಂದರಿಂದ 64 ವರ್ಷದ ಒಬ್ಬರು ಮಾತಾಡಲು ಎದ್ದರು. ಯಾವ ಪಕ್ಷಕ್ಕೂ ಸೇರದವರು. ದೊಡ್ಡ ದನಿಯವರಲ್ಲ, ಮಾತಿನ ಮಲ್ಲರೂ ಅಲ್ಲ. ಆದರೆ ಆ ದಿನ ಇಡೀ ಸರ್ಕಾರ ಅವರ ಬಾಯಿ ನೋಡುತ್ತಾ ಕೂತಿತ್ತು.

ವಿಷಯ ಜಿಎಸ್‌ಟಿ. ಪ್ರಧಾನಿ ಜಾನ್ ಹೋವರ್ಡ್ ಅದಕ್ಕಾಗಿ ಚುನಾವಣೆಯನ್ನೇ ಎದುರಿಸಿ ಗೆದ್ದು ಬಂದಿದ್ದರು. ಕೆಳಮನೆಯಲ್ಲಿ ಮಸೂದೆ ಪಾಸಾಗಿತ್ತು. ಮೇಲ್ಮನೆಯಲ್ಲಿ ಒಂದೇ ತಡೆ, ಈ ಮನುಷ್ಯ. ಅವರು ಈ ತೆರಿಗೆ ಜನರ ಮುಖ ನೋಡುವುದಿಲ್ಲ, ಬಡವ ಬಲ್ಲಿದ ಎಂಬ ಭೇದ ಮಾಡುವುದಿಲ್ಲ ಎಂಬರ್ಥದ ಮಾತಾಡಿದರು. ಇಂಥದ್ದನ್ನು ಮುಂದಿನ ಪೀಳಿಗೆಗಳ ಮೇಲೂ ಹೇರಬೇಕಾ ಎಂಬುದು ಅವರ ಪ್ರಶ್ನೆ. ಕೊನೆಗೆ ಎರಡೇ ಪದ: "ಐ ಕೆನಾಟ್." ನನ್ನಿಂದಾಗದು.

ಅವರ ಹೆಸರು ಬ್ರಯನ್ ಹ್ಯಾರಡೀನ್. ಟಾಸ್ಮೇನಿಯಾ ರಾಜ್ಯದ ಸೆನೆಟರ್. ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ಅವರ ಹೆಸರು ಎತ್ತಿದರೆ ಜನ ಮೊದಲು ನೆನೆಯುವುದು ಆ ಎರಡು ಪದವನ್ನೇ. ನನಗೆ ಮಾತ್ರ ಅದು ಅವರ ದೊಡ್ಡ ಕೆಲಸ ಅನ್ನಿಸುವುದಿಲ್ಲ. ಅವರು ಸದನದಲ್ಲಿ ಮಾಡಿದ್ದನ್ನು ಒಂದೊಂದಾಗಿ ತೆಗೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಎಲ್ಲಿ ಸದ್ದು ಜಾಸ್ತಿ ಆಯಿತೋ ಅಲ್ಲಿ ಅವರ ಮಾತು ಬೇಗ ಕರಗಿತು. ಎಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲವೋ ಅಲ್ಲಿ ಹತ್ತು ವರ್ಷ ನಿಂತಿತು.

ಮೊದಲು ಲೆಕ್ಕ

ಈ ಕತೆ ಅರ್ಥವಾಗಬೇಕಾದರೆ ಒಂದು ಸಣ್ಣ ಕೂಡುವ ಲೆಕ್ಕ ಬೇಕು.

ಸೆನೆಟ್‌ನ ಒಟ್ಟು ಬಲ 76. ಆರು ರಾಜ್ಯಗಳಿಗೆ ತಲಾ 12, ಎರಡು ಟೆರಿಟರಿಗಳಿಗೆ (ನಮ್ಮ ಕೇಂದ್ರಾಡಳಿತ ಪ್ರದೇಶದಂಥವು) ತಲಾ 2. 1996ರ ಚುನಾವಣೆಯ ನಂತರ ಹೋವರ್ಡ್ ಅವರ ಲಿಬರಲ್-ನ್ಯಾಷನಲ್ ಮೈತ್ರಿಕೂಟಕ್ಕೆ ಅಲ್ಲಿ 37 ಸ್ಥಾನ. ಲೇಬರ್ ಪಕ್ಷಕ್ಕೆ 29, ಡೆಮಾಕ್ರಟ್ಸ್ ಪಕ್ಷಕ್ಕೆ 7, ಗ್ರೀನ್ಸ್‌ಗೆ 2, ಮತ್ತು ಹ್ಯಾರಡೀನ್ ಒಬ್ಬರು. ಲೇಬರ್ ವಿರೋಧ ಪಕ್ಷ. ಡೆಮಾಕ್ರಟ್ಸ್, ಗ್ರೀನ್ಸ್ ಸುಲಭಕ್ಕೆ ಬಗ್ಗುವವರಲ್ಲ.

37ಕ್ಕೆ 1 ಸೇರಿದರೆ 38. ಆ ಕಡೆಯೂ 38. ಸಮಬಲ. ನಮ್ಮ ರಾಜ್ಯಸಭೆಯಲ್ಲಿ ಹೀಗಾದರೆ ಸಭಾಪತಿ ನಿರ್ಣಾಯಕ ಮತ ಹಾಕುತ್ತಾರೆ, ಒಂದು ತೀರ್ಮಾನ ಆಗುತ್ತದೆ. ಆಸ್ಟ್ರೇಲಿಯಾದ ಸೆನೆಟ್‌ನಲ್ಲಿ ಹಾಗಿಲ್ಲ. ಅಲ್ಲಿ ಅಧ್ಯಕ್ಷರೂ ಎಲ್ಲರ ಹಾಗೆ ಒಂದೇ ಮತ ಹಾಕಬೇಕು. ಸಮ ಸಮ ಆದರೆ ಮಸೂದೆ ಬಿದ್ದ ಹಾಗೆ. ಅಂದರೆ ಗೆಲ್ಲಲು 39 ಬೇಕೇ ಬೇಕು.

1996ರ ಆಗಸ್ಟ್‌ನಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಮಾಲ್ ಕೋಲ್ಸ್ಟನ್ ಲೇಬರ್ ಪಕ್ಷ ಬಿಟ್ಟು ಪಕ್ಷೇತರರಾದರು. ಉಪಾಧ್ಯಕ್ಷ ಸ್ಥಾನಕ್ಕೆ ತಮ್ಮ ಪಕ್ಷ ಹೆಸರು ಸೂಚಿಸಲಿಲ್ಲ ಅನ್ನುವುದು ಸಿಟ್ಟು. ಮೈತ್ರಿಕೂಟದ ಬೆಂಬಲದಿಂದ ಅದೇ ಕುರ್ಚಿ ಸಿಕ್ಕಿತು. ಇಂಥದ್ದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ. ಈಗ 37ಕ್ಕೆ ಇಬ್ಬರನ್ನೂ ಸೇರಿಸಿದರೆ 39. ಲೆಕ್ಕ ಕೂಡಿತು. ಒಬ್ಬರು ಕೈಕೊಟ್ಟರೂ ಕೆಟ್ಟಿತು.

ಹ್ಯಾರಡೀನ್ ಅವರ ಮಾತಿಗೆ ಬೆಲೆ ಬಂದದ್ದು ಇಲ್ಲಿಂದ. ಅದಕ್ಕೂ ಮೊದಲು 20 ವರ್ಷ ಅದೇ ಮನುಷ್ಯ, ಅದೇ ದನಿಯಲ್ಲಿ, ಅದೇ ವಿಷಯಗಳ ಬಗ್ಗೆ ಮಾತಾಡಿದ್ದರು. ಸಂಖ್ಯೆ ಬಿಗಿಯಾಗುವವರೆಗೆ ದೇಶ ಕಿವಿಗೊಡಲಿಲ್ಲ.

ಪಕ್ಷ ಇವರನ್ನು ಬಿಟ್ಟದ್ದು

ಹುಟ್ಟಿದ್ದು 1935ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಕ್ವಾರ್ನ್ ಎಂಬ ಪುಟ್ಟ ಊರಿನಲ್ಲಿ. ಟಾಸ್ಮೇನಿಯಾಕ್ಕೆ ಬಂದು ಕಾರ್ಮಿಕ ಸಂಘದ ಕೆಲಸ ಹಿಡಿದರು. 1964ರಲ್ಲಿ ಅಲ್ಲಿನ ಟ್ರೇಡ್ಸ್ ಅಂಡ್ ಲೇಬರ್ ಕೌನ್ಸಿಲ್‌ನ ಕಾರ್ಯದರ್ಶಿಯಾದರು. ಕಟ್ಟಾ ಕ್ಯಾಥೊಲಿಕ್. ಕಟ್ಟಾ ಕಮ್ಯುನಿಸ್ಟ್ ವಿರೋಧಿ. ಲೇಬರ್ ಪಕ್ಷದಲ್ಲಿ ಆ ಕಾಲಕ್ಕೆ ಇವೆರಡೂ ಸೇರಿದರೆ ಕಿಚ್ಚು ಹತ್ತುವುದು ಖಾತ್ರಿ.

1968ರಲ್ಲಿ ಹತ್ತಿತು. ಪಕ್ಷದ ರಾಷ್ಟ್ರೀಯ ಕಾರ್ಯಕಾರಿಣಿಗೆ ಇವರು ಟಾಸ್ಮೇನಿಯಾದ ಪ್ರತಿನಿಧಿ. ಕಮ್ಯುನಿಸ್ಟರ ಗೆಳೆಯರು ತನ್ನ ಬಾಯಿ ಮುಚ್ಚಿಸಲು ನೋಡುತ್ತಿದ್ದಾರೆ ಎಂದು ಹೇಳಿಕೆ ಕೊಟ್ಟರು. ಕಾರ್ಯಕಾರಿಣಿ ಇವರಿಗೆ ಕುರ್ಚಿಯನ್ನೇ ಕೊಡಲಿಲ್ಲ. ಇದನ್ನು ಪ್ರತಿಭಟಿಸಿ ಪಕ್ಷದ ನಾಯಕ ಗಾಫ್ ವಿಟ್ಲಮ್ ರಾಜೀನಾಮೆ ಎಸೆದರು, ಮತ್ತೆ ಸ್ಪರ್ಧಿಸಿ 38-32ರಲ್ಲಿ ಗೆದ್ದರು. ಸಂಸತ್ತಿಗೆ ಕಾಲಿಡುವ ಏಳು ವರ್ಷ ಮೊದಲೇ ಈ ಮನುಷ್ಯನ ಒಂದು ಹೇಳಿಕೆಗೆ ರಾಷ್ಟ್ರೀಯ ಪಕ್ಷವೊಂದರ ನಾಯಕತ್ವ ಅಲುಗಾಡಿತ್ತು.

1975ರಲ್ಲಿ ಪಕ್ಷ ಅವರನ್ನು ಹೊರಹಾಕಿತು. ಅದೇ ವರ್ಷ ನವೆಂಬರ್ 11ರಂದು, ಸೆನೆಟ್ ಬಜೆಟ್ ಹಣಕ್ಕೆ ಒಪ್ಪಿಗೆ ಕೊಡದೆ ಕೂತಿದ್ದಾಗ, ವಿಟ್ಲಮ್ ಸರ್ಕಾರ ವಜಾ ಆಯಿತು. ಎರಡೂ ಸದನ ವಿಸರ್ಜನೆಯಾಗಿ ಡಿಸೆಂಬರ್‌ನಲ್ಲಿ ಚುನಾವಣೆ ನಡೆಯಿತು. ಹ್ಯಾರಡೀನ್ ಪಕ್ಷೇತರರಾಗಿ ನಿಂತರು, ಗೆದ್ದರು. 2005ರ ಜೂನ್ 30ರವರೆಗೆ ಅಲ್ಲೇ ಇದ್ದರು. ಅಷ್ಟು ದೀರ್ಘ ಕಾಲ ಆ ಸಂಸತ್ತಿನಲ್ಲಿ ಕೂತ ಪಕ್ಷೇತರ ಇನ್ನೊಬ್ಬರಿಲ್ಲ.

ಗೆಲುವಿನ ಗುಟ್ಟು ಟಾಸ್ಮೇನಿಯಾ. 1990ರ ದಶಕದಲ್ಲಿ ಅದರ ಜನಸಂಖ್ಯೆ 5 ಲಕ್ಷವೂ ಇರಲಿಲ್ಲ. 60 ಲಕ್ಷ ದಾಟಿದ್ದ ನ್ಯೂ ಸೌತ್ ವೇಲ್ಸ್‌ಗೂ 12 ಸೆನೆಟರ್, ಇದಕ್ಕೂ 12. (ನಮ್ಮ ಇಡೀ ಕರ್ನಾಟಕಕ್ಕೆ ರಾಜ್ಯಸಭೆಯಲ್ಲಿ ಇರುವುದೂ 12.) ಜೊತೆಗೆ ಅದು ಜನರೇ ನೇರ ಮತ ಹಾಕಿ ಆರಿಸುವ ಮೇಲ್ಮನೆ. ಪ್ರಾಶಸ್ತ್ಯದ ಮತ, ಏಳರಲ್ಲಿ ಒಂದು ಪಾಲು ದಕ್ಕಿದರೆ ಸೀಟು. ಒಂದು ಸಣ್ಣ ದ್ವೀಪದಲ್ಲಿ ಹೆಸರು ಮಾಡಿಕೊಂಡವನಿಗೆ ಪಕ್ಷದ ಹಂಗು ಬೇಕಾಗುವುದಿಲ್ಲ.

ಮನೆಯ ಬಗ್ಗೆ ಒಂದು ಮಾತು. ಮೊದಲ ಹೆಂಡತಿ ತೀರಿಕೊಂಡಾಗ ಆರು ಮಕ್ಕಳು. ಏಳು ಮಕ್ಕಳಿದ್ದ ವಿಧವೆಯನ್ನು ಮದುವೆಯಾದರು. ಒಟ್ಟು 13. ಸದನದಲ್ಲಿ ಕುಟುಂಬದ ಖರ್ಚಿನ ಬಗ್ಗೆ ಇವರು ಮಾತಾಡಿದರೆ ಸುಮ್ನೆ ಮಾತಿಗೆ ಅಂತ ಯಾರೂ ಅನ್ನುವ ಹಾಗಿರಲಿಲ್ಲ.

ಯಾರೂ ಗಮನಿಸದ ತಿದ್ದುಪಡಿ

1996ರ ಮೇ. ಔಷಧ ನಿಯಂತ್ರಣದ ಕಾಯ್ದೆಗೆ ಸರ್ಕಾರ ಒಂದು ಸಾಧಾರಣ ತಿದ್ದುಪಡಿ ಮಸೂದೆ ತಂದಿತ್ತು. ಯಾರಿಗೂ ಆಸಕ್ತಿ ಇರುವಂಥದ್ದಲ್ಲ. ಹ್ಯಾರಡೀನ್ ಅದರೊಳಗೆ ತಮ್ಮದೊಂದು ತಿದ್ದುಪಡಿ ಸೇರಿಸಿದರು. ಗರ್ಭಪಾತಕ್ಕೆ ಬಳಸುವ ಆರ್‌ಯು-486 ಮಾತ್ರೆಯಂಥ ಔಷಧಗಳನ್ನು ದೇಶದೊಳಗೆ ಬಿಡಬೇಕಾದರೆ ತಜ್ಞರ ಸಂಸ್ಥೆಯ ಒಪ್ಪಿಗೆ ಸಾಲದು, ಆರೋಗ್ಯ ಸಚಿವರ ಲಿಖಿತ ಒಪ್ಪಿಗೆಯೂ ಬೇಕು. ಸಚಿವರು ಒಪ್ಪಿಗೆ ಕೊಟ್ಟರೆ ಐದು ಕಲಾಪದ ದಿನಗಳೊಳಗೆ ಅದನ್ನು ಸಂಸತ್ತಿನ ಮುಂದಿಡಬೇಕು.

ಇದರ ಕಸುಬುಗಾರಿಕೆ ನೋಡಿ. ಮಾತ್ರೆಯನ್ನು ನಿಷೇಧಿಸಿ ಅನ್ನಲಿಲ್ಲ. ಗರ್ಭಪಾತ ತಪ್ಪು ಎಂದು ಕಾಯ್ದೆಯಲ್ಲಿ ಬರೆಸಲಿಲ್ಲ. ಸಚಿವರು ಜವಾಬ್ದಾರಿ ಹೊರಲಿ, ಸಂಸತ್ತಿಗೆ ತಿಳಿಯಲಿ ಅಂದರು. ಅದನ್ನು ಬೇಡ ಅನ್ನುವುದು ಹೇಗೆ? ಎರಡೂ ದೊಡ್ಡ ಪಕ್ಷ ಒಪ್ಪಿಕೊಂಡವು. ಚರ್ಚೆ ಚುಟುಕಾಗಿ ಮುಗಿಯಿತು. ಫಲ ಮಾತ್ರ ನಿಷೇಧದ್ದೇ. ಸಹಿ ಹಾಕಿ ರಾಜಕೀಯ ತಲೆನೋವು ಯಾವ ಸಚಿವರಿಗೆ ಬೇಕು? ಸಹಿ ಆಗುವುದಿಲ್ಲ ಅಂತ ಗೊತ್ತಿರುವಾಗ ಯಾವ ಕಂಪನಿ ಅರ್ಜಿ ಹಾಕುತ್ತದೆ?

ನಾನು ಇದನ್ನು ಒಪ್ಪುವವನಲ್ಲ. ವೈದ್ಯಕೀಯ ತೀರ್ಮಾನವೊಂದನ್ನು ರಾಜಕಾರಣಿಯ ಮೇಜಿಗೆ ತಳ್ಳಿದ್ದು ಹೆಂಗಸರ ಪಾಲಿಗೆ ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಆದರೆ ಮೇಲ್ಮನೆಯಲ್ಲಿ ಒಬ್ಬನೇ ಸದಸ್ಯ ಏನು ಮಾಡಬಲ್ಲ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ತಿದ್ದುಪಡಿಯನ್ನೇ. ಪಕ್ಷದೊಳಗಿನ ಸದಸ್ಯನಿಗೆ ಇಂಥ ತಿದ್ದುಪಡಿ ತರಬೇಕಾದರೆ ಹತ್ತು ಜನರ ಅನುಮತಿ ಬೇಕು. ಇವರಿಗೆ ಒಂದು ಹಾಳೆ, ಒಂದು ಮಧ್ಯಾಹ್ನ ಸಾಕಾಯಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಟೆಲ್‌ಸ್ಟ್ರಾ ಬಂತು. ಸರ್ಕಾರಿ ದೂರವಾಣಿ ಸಂಸ್ಥೆಯ ಮೂರನೇ ಒಂದು ಪಾಲನ್ನು ಮಾರುವ ಮಸೂದೆ. ಹ್ಯಾರಡೀನ್, ಕೋಲ್ಸ್ಟನ್ ಇಬ್ಬರೂ ಹೂಂ ಅಂದರು, ಪಾಸಾಯಿತು. ಮಾರಿದ ದುಡ್ಡಿನಲ್ಲಿ ಗ್ರಾಮೀಣ ಸಂಪರ್ಕಕ್ಕೆ 25 ಕೋಟಿ ಡಾಲರ್‌ನ ನಿಧಿ ಮಾಡಿದರು. ಅದರಲ್ಲಿ ಟಾಸ್ಮೇನಿಯಾಕ್ಕೆ ಜನಸಂಖ್ಯೆಗೆ ಮೀರಿದ ಪಾಲು ಸಿಕ್ಕಿತು. ವಿರೋಧಿಗಳು ಇದನ್ನು ಕುದುರೆ ವ್ಯಾಪಾರ ಅಂದರು. ಟಾಸ್ಮೇನಿಯಾದವರು ನಮ್ಮ ಸೆನೆಟರ್ ನಮ್ಮ ಕೆಲಸ ಮಾಡಿದ ಅಂದರು. ಎರಡೂ ನಿಜವೇ, ಅದರಲ್ಲಿ ಹೆಚ್ಚು ಅಗೆಯುವುದೇನೂ ಇಲ್ಲ.

ವಿಕ್: ನೂರು ಗಂಟೆ ದಾಟಿದ ಚರ್ಚೆ

ಇದು ಈ ಪ್ರಕರಣದ ಜೀವ. ನಿಧಾನವಾಗಿ ಹೇಳುತ್ತೇನೆ.

1992ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ) ಮಾಬೊ ಪ್ರಕರಣದಲ್ಲಿ ಒಂದು ಮಾತು ಹೇಳಿತು. ಬಿಳಿಯರು ಬಂದಾಗ ಆ ನೆಲ ಯಾರದ್ದೂ ಅಲ್ಲದ ಖಾಲಿ ನೆಲವಾಗಿರಲಿಲ್ಲ, ಮೂಲನಿವಾಸಿಗಳಿಗೆ ತಮ್ಮ ಭೂಮಿಯ ಮೇಲೆ ಹಕ್ಕಿದೆ. ಮರುವರ್ಷವೇ ಆ ಹಕ್ಕಿಗೊಂದು ಕಾಯ್ದೆ ಬಂತು. ಆಮೇಲೆ 1996ರ ಡಿಸೆಂಬರ್ 23ರಂದು ವಿಕ್ ತೀರ್ಪು. ಕ್ವೀನ್ಸ್‌ಲ್ಯಾಂಡ್‌ನ ವಿಕ್ ಜನರ ಪ್ರಕರಣ ಅದು. ಸರ್ಕಾರ ದನ ಮೇಯಿಸಲು ಗುತ್ತಿಗೆಗೆ ಕೊಟ್ಟ ಭೂಮಿಯಲ್ಲೂ ಮೂಲನಿವಾಸಿಗಳ ಹಕ್ಕು ತಾನಾಗಿಯೇ ಸತ್ತುಹೋಗುವುದಿಲ್ಲ, ಎರಡೂ ಜೊತೆಗೆ ಇರಬಹುದು. ನಾಲ್ವರು ನ್ಯಾಯಮೂರ್ತಿಗಳು ಹೀಗೆಂದರು, ಮೂವರು ಅಲ್ಲವೆಂದರು.

ಆಸ್ಟ್ರೇಲಿಯಾದಲ್ಲಿ ಮೇವಿನ ಗುತ್ತಿಗೆ ಅಂದರೆ ನಮ್ಮ ಗೋಮಾಳದ ಲೆಕ್ಕ ಅಲ್ಲ. ಒಂದೊಂದು ಗುತ್ತಿಗೆ ನಮ್ಮ ತಾಲ್ಲೂಕನ್ನೇ ನುಂಗುವಷ್ಟು ದೊಡ್ಡದು. ಗುತ್ತಿಗೆದಾರರು ಬೆದರಿದರು. ಗಣಿ ಕಂಪನಿಗಳೂ ಬೆದರಿದವು. ಹೋವರ್ಡ್ ಹತ್ತು ಅಂಶಗಳ ಯೋಜನೆ ತಂದರು. ಮೂಲನಿವಾಸಿಗಳ ಹಕ್ಕಿಗೆ ಅಲ್ಲಲ್ಲಿ ಕತ್ತರಿ ಹಾಕುವ ಮಸೂದೆ.

1997ರ ಕೊನೆಯಲ್ಲಿ ಅದು ಸೆನೆಟ್‌ಗೆ ಬಂತು. ಸರ್ಕಾರದ ಕಡೆಯಿಂದ ನಿಕ್ ಮಿಂಚಿನ್ ಉತ್ತರ ಕೊಡುವವರು, ಲೇಬರ್ ಕಡೆಯಿಂದ ನಿಕ್ ಬೋಲ್ಕಸ್ ಕೇಳುವವರು. ಹ್ಯಾನ್ಸಾರ್ಡ್ ಅಂದರೆ ಕಲಾಪದ ದಾಖಲೆ. ಅದನ್ನು ಓದುತ್ತಾ ಹೋದರೆ ಎರಡು ನಿಕ್‌ಗಳ ನಡುವೆ ದಾರಿ ತಪ್ಪುತ್ತದೆ. ಅಲ್ಲಿನ ಪದ್ಧತಿಯಲ್ಲಿ ಮಸೂದೆ ಎರಡನೇ ಓದು ದಾಟಿದ ಮೇಲೆ ಇಡೀ ಸದನವೇ ಒಂದು ಸಮಿತಿಯಾಗಿ ಕೂರುತ್ತದೆ. ಆಗ ಕಲಂ ಕಲಂ ಹಿಡಿದು ಚರ್ಚೆ. ಒಬ್ಬರೇ ಎಷ್ಟು ಸಲ ಬೇಕಾದರೂ ಏಳಬಹುದು. ಸಚಿವರು ಪ್ರತಿ ಪ್ರಶ್ನೆಗೂ ಎದ್ದು ಉತ್ತರಿಸಬೇಕು. ಮತಕ್ಕೆ ಹಾಕಿದಾಗ ನಾಲ್ಕು ನಿಮಿಷ ಗಂಟೆ ಬಾರಿಸುತ್ತದೆ, ಆಮೇಲೆ ಬಾಗಿಲಿಗೆ ಬೀಗ. ಪರ ಇರುವವರು ಅಧ್ಯಕ್ಷರ ಬಲಕ್ಕೆ, ವಿರುದ್ಧ ಇರುವವರು ಎಡಕ್ಕೆ ನಡೆದುಹೋಗಿ ಕೂರಬೇಕು. ಪಕ್ಷದವರು ಹಿಂಡಾಗಿ ನಡೆಯುತ್ತಾರೆ. ಪಕ್ಷೇತರ ಒಬ್ಬನೇ ನಡೆಯಬೇಕು. ಈ ಕಡೆಯೋ ಆ ಕಡೆಯೋ, ಎಲ್ಲರ ಕಣ್ಣೂ ಅವನ ಕಾಲಿನ ಮೇಲೆ.

ಹ್ಯಾರಡೀನ್ ಹಿಡಿದದ್ದು ಈ ಸಮಿತಿ ಹಂತವನ್ನು. ಭಾಷಣದ ಗೋಜಿಗೆ ಜಾಸ್ತಿ ಹೋಗಲಿಲ್ಲ. ಸರ್ಕಾರದ ಎಷ್ಟೋ ಅಂಶಗಳಿಗೆ ಮತ ಕೊಟ್ಟರು. ಆದರೆ ನಾಲ್ಕು ಗಂಟುಗಳಲ್ಲಿ ಸರ್ಕಾರ ಸಿಕ್ಕಿಬಿತ್ತು. ಗಣಿಗಾರಿಕೆಯಂಥ ಕೆಲಸಕ್ಕೆ ಮೊದಲು ಮೂಲನಿವಾಸಿಗಳ ಜೊತೆ ಕೂತು ಮಾತಾಡಲೇಬೇಕೆಂಬ ಹಕ್ಕು ಉಳಿಯಬೇಕಾ? ಹಕ್ಕು ಕೇಳುವವರು ನೋಂದಣಿಗೆ ಮೊದಲು ಎಷ್ಟು ಸಾಬೀತು ಮಾಡಬೇಕು? ಆರು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಬಾಗಿಲು ಮುಚ್ಚಬೇಕಾ? ಜನಾಂಗ ತಾರತಮ್ಯ ತಡೆ ಕಾಯ್ದೆ ಈ ಮಸೂದೆಗೂ ಮೇಲೆ ನಿಲ್ಲಬೇಕಾ? ಈ ನಾಲ್ಕರಲ್ಲಿ ಸದನ ಸರ್ಕಾರಕ್ಕೆ ಮಣಿಯಲಿಲ್ಲ. ತಿದ್ದಿದ ಮಸೂದೆಯನ್ನು ಹೋವರ್ಡ್ ಒಪ್ಪಲಿಲ್ಲ. 1998ರ ಏಪ್ರಿಲ್‌ನಲ್ಲಿ ಎರಡನೇ ಸುತ್ತು, ಮತ್ತೆ ಅದೇ ಕತೆ.

ಎರಡು ಸಲ ಹೀಗಾದರೆ ಅಲ್ಲಿನ ಸಂವಿಧಾನ ಪ್ರಧಾನಿಯ ಕೈಗೆ ಒಂದು ಅಸ್ತ್ರ ಕೊಡುತ್ತದೆ. ಎರಡೂ ಸದನ ವಿಸರ್ಜಿಸಿ ಚುನಾವಣೆಗೆ ಹೋಗಬಹುದು. ಹೋದರೆ ಚುನಾವಣೆಯ ವಿಷಯ ಒಂದೇ: ಕರಿಯರ ಭೂಮಿ, ಬಿಳಿಯರ ಭೂಮಿ.

ಅಷ್ಟರಲ್ಲಿ ಜೂನ್ 13ರಂದು ಕ್ವೀನ್ಸ್‌ಲ್ಯಾಂಡ್ ವಿಧಾನಸಭೆಯ ಫಲಿತಾಂಶ ಬಂತು. ಪಾಲೀನ್ ಹ್ಯಾನ್ಸನ್ ಅವರ ಒನ್ ನೇಷನ್ ಪಕ್ಷ 89ರಲ್ಲಿ 11 ಸ್ಥಾನ ಗೆದ್ದಿತ್ತು. ಆ ಪಕ್ಷ ಬೆಳೆದದ್ದೇ ವಲಸಿಗರು ಮತ್ತು ಮೂಲನಿವಾಸಿಗಳ ವಿರುದ್ಧದ ಸಿಟ್ಟಿನ ಮೇಲೆ. ಎರಡೂ ಸದನದ ಚುನಾವಣೆಯಾದರೆ ಸೆನೆಟ್ ಸೀಟಿಗೆ ಬೇಕಾದ ಮತದ ಪಾಲು ಅರ್ಧಕ್ಕರ್ಧ ಇಳಿಯುತ್ತದೆ. ಅಂದರೆ ಒನ್ ನೇಷನ್‌ಗೆ ಸೆನೆಟ್‌ನ ಹೆಬ್ಬಾಗಿಲು ತೆರೆದ ಹಾಗೆ.

ಹ್ಯಾರಡೀನ್ ಬೆಚ್ಚಿದರು. ಜನಾಂಗದ ಹೆಸರಿನ ಚುನಾವಣೆ ದೇಶವನ್ನು ಒಡೆಯುತ್ತದೆ ಎಂಬುದು ಅವರ ಭಯ. ಪಾದ್ರಿಯೂ ವಕೀಲರೂ ಆದ ಫ್ರಾಂಕ್ ಬ್ರೆನನ್ ಅವರಿಗೆ ಸಲಹೆ ಕೊಡುತ್ತಿದ್ದವರಲ್ಲಿ ಒಬ್ಬರು. ಕೆಲವೇ ದಿನಗಳ ಮಾತುಕತೆಯಲ್ಲಿ, ಜುಲೈ 1ಕ್ಕೆ, ಹೋವರ್ಡ್ ಜೊತೆ ಒಪ್ಪಂದ ಆಯಿತು. ಆರು ವರ್ಷದ ಗಡುವು ಹೋಯಿತು, ಇನ್ನೂ ಕೆಲವು ಅಂಶ ಮೆತ್ತಗಾದವು. ಬದಲಿಗೆ ಮೇವಿನ ಗುತ್ತಿಗೆಯ ಭೂಮಿಯಲ್ಲಿ ಮಾತುಕತೆಯ ಹಕ್ಕಿನ ಜಾಗಕ್ಕೆ ರಾಜ್ಯಗಳೇ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಜುಲೈ 8ರಂದು ಮಸೂದೆ 35-33ರಲ್ಲಿ ಪಾಸಾಯಿತು. ಗೈರುಹಾಜರಾದವರನ್ನು ಎರಡೂ ಕಡೆ ಜೋಡಿ ಮಾಡಿ ಬಿಡುವ ಪದ್ಧತಿ ಇದೆ, ಹಾಗಾಗಿ ಸಂಖ್ಯೆ ಚಿಕ್ಕದು. ಅಂತರ ಮಾತ್ರ 39-37ರದ್ದೇ. ಮೂರು ಸುತ್ತು ಸೇರಿ ಚರ್ಚೆ 100 ಗಂಟೆ ಮೀರಿತ್ತು. ಸೆನೆಟ್ ಇತಿಹಾಸದಲ್ಲಿ ಒಂದು ಮಸೂದೆಗೆ ಅಲ್ಲಿಯವರೆಗೆ ಅಷ್ಟು ಹೊತ್ತು ಹಿಡಿದಿರಲಿಲ್ಲ.

ನನಗೆ ಇಲ್ಲಿ ಚುಚ್ಚುವುದು ಇದು. ನೂರು ಗಂಟೆ ಬೆಳಕಿನಲ್ಲಿ, ಎಲ್ಲರೂ ಕೇಳುವಂತೆ, ಕಲಂ ಕಲಂ ಹಿಡಿದು ನಡೆದ ಚರ್ಚೆಯ ತೀರ್ಮಾನ ಆದದ್ದು ಮುಚ್ಚಿದ ಬಾಗಿಲ ಹಿಂದೆ. ಆ ಕೋಣೆಯಲ್ಲಿ ಮೂಲನಿವಾಸಿಗಳ ಪ್ರತಿನಿಧಿಗಳು ಇರಲಿಲ್ಲ. ನಮ್ಮನ್ನು ಕೇಳದೆ ನಮ್ಮ ಭೂಮಿಯ ಒಪ್ಪಂದ ಮಾಡಿದಿರಿ ಎಂದು ಅವರ ಮುಖಂಡರು ದೂರಿದರು. ಮರುವರ್ಷ ಮಾರ್ಚ್‌ನಲ್ಲಿ ಜನಾಂಗ ತಾರತಮ್ಯದ ಮೇಲೆ ಕಣ್ಣಿಡುವ ವಿಶ್ವಸಂಸ್ಥೆಯ ಸಮಿತಿಯೂ ಈ ತಿದ್ದುಪಡಿಗಳ ಬಗ್ಗೆ ಕಳವಳ ತೋರಿಸಿತು.

ಹ್ಯಾರಡೀನ್ ಪರವಾಗಿಯೂ ಒಂದು ಮಾತು ಹೇಳಬೇಕು. 1998ರ ಅಕ್ಟೋಬರ್‌ನಲ್ಲಿ ಚುನಾವಣೆ ಬಂದೇ ಬಂತು. ಎರಡೂ ಸದನ ಪೂರ್ತಿ ವಿಸರ್ಜನೆ ಆಗಲಿಲ್ಲ, ವಿಷಯ ಭೂಮಿಯೂ ಆಗಲಿಲ್ಲ, ಜಿಎಸ್‌ಟಿ ಆಯಿತು. ಒನ್ ನೇಷನ್‌ಗೆ ಸೆನೆಟ್‌ನಲ್ಲಿ ಸಿಕ್ಕಿದ್ದು ಒಂದೇ ಸೀಟು. ಅವರು ಹೆದರಿದ್ದ ಚುನಾವಣೆ ನಡೆಯಲಿಲ್ಲ. ಅದಕ್ಕೆ ಕೊಟ್ಟ ಬೆಲೆ ಅವರದ್ದಾಗಿರಲಿಲ್ಲ ಎಂಬುದೇ ನನ್ನ ತಕರಾರು.

ಮತ್ತೆ ಆ ಶುಕ್ರವಾರ

ಈಗ ಜಿಎಸ್‌ಟಿಗೆ ಬರೋಣ. ಹೋವರ್ಡ್ ಗೆದ್ದಿದ್ದರು, ಆದರೆ ಎರಡು ಪಕ್ಷಗಳ ನಡುವಿನ ಮತ ಲೆಕ್ಕದಲ್ಲಿ ಲೇಬರ್‌ಗಿಂತ ಹಿಂದಿದ್ದರು. ಶೇ 10ರ ತೆರಿಗೆ, ಆಹಾರದ ಮೇಲೂ. ಬದಲಿಗೆ ಆದಾಯ ತೆರಿಗೆ ಕಡಿತ, ಪಿಂಚಣಿದಾರರಿಗೆ ಪರಿಹಾರ.

ಹಣದ ಮಸೂದೆಯನ್ನು ಮೇಲ್ಮನೆ ತಡೆಯುವುದು ಹೇಗೆ ಎಂದು ನಮ್ಮವರಿಗೆ ಅನ್ನಿಸಬಹುದು. ನಮ್ಮಲ್ಲಿ ರಾಜ್ಯಸಭೆ ಹಣದ ಮಸೂದೆಯನ್ನು 14 ದಿನಕ್ಕಿಂತ ಹೆಚ್ಚು ಹಿಡಿದಿಡುವಂತಿಲ್ಲ. ಅಲ್ಲಿನ ಸೆನೆಟ್ ತೆರಿಗೆ ಮಸೂದೆಯನ್ನು ತಿದ್ದುವಂತಿಲ್ಲ, ತಿರಸ್ಕರಿಸಬಹುದು. ನಮ್ಮ ಜಿಎಸ್‌ಟಿಗೆ ಸಂವಿಧಾನವನ್ನೇ ತಿದ್ದಬೇಕಿತ್ತಾದ್ದರಿಂದ ರಾಜ್ಯಸಭೆಯ ಕೈಯಲ್ಲಿ ನಿಜವಾದ ಬೀಗದ ಕೈ ಇತ್ತು. ಕೊನೆಗೆ 2016ರ ಆಗಸ್ಟ್ 3ರಂದು ಅದು 203-0ರಲ್ಲಿ ಪಾಸಾಯಿತು. ಒಬ್ಬ ಪಕ್ಷೇತರ "ಆಗದು" ಎನ್ನುವ ಸಂದರ್ಭವೇ ಬರಲಿಲ್ಲ.

ಕ್ಯಾನ್‌ಬೆರಾದಲ್ಲಿ ಕಾಲದ ಒತ್ತಡ ಬೇರೆ. ಹೊಸದಾಗಿ ಆಯ್ಕೆಯಾದ ಸೆನೆಟರ್‌ಗಳು ಬಂದು ಕೂರುವುದು 1999ರ ಜುಲೈ 1ಕ್ಕೆ. ಆವತ್ತಿನಿಂದ ಮೈತ್ರಿಕೂಟದ ಬಲ 35ಕ್ಕೆ ಇಳಿಯುತ್ತದೆ, ಡೆಮಾಕ್ರಟ್ಸ್ 9ಕ್ಕೆ ಏರುತ್ತಾರೆ. ಆಮೇಲೆ ಹ್ಯಾರಡೀನ್ ಮತದಿಂದ ಸರ್ಕಾರ ಗೆಲ್ಲಲು ಸಾಧ್ಯವೇ ಇಲ್ಲ. ಮೇ 14ರಂದು ಅವರು ಎದ್ದಾಗ ಅವರ ಮತದ ಬೆಲೆ ಮುಗಿಯಲು 47 ದಿನ ಬಾಕಿ.

ಸರ್ಕಾರ ಪರಿಹಾರದ ಮೊತ್ತ ಹೆಚ್ಚಿಸುವ ಮಾತಾಡಿತು. ಹೊರಗೆ ಪತ್ರಕರ್ತರು ಕಾದು ಕಾದು ಸುಸ್ತಾದರು. ಈ ಮನುಷ್ಯ ಮೊದಲೇ ಬಾಯಿಬಿಡುವ ಪೈಕಿ ಅಲ್ಲ. ಟೆಲ್‌ಸ್ಟ್ರಾದಲ್ಲಿ, ವಿಕ್‌ನಲ್ಲಿ ಕೊನೆಗೆ ಒಪ್ಪಿದವರು ಇಲ್ಲೂ ಒಪ್ಪುತ್ತಾರೆ ಎಂದು ಬಹಳ ಜನ ಎಣಿಸಿದ್ದರು. ಆಗದು ಅಂದುಬಿಟ್ಟರು.

ಮುಂದೆ? ಹದಿನಾಲ್ಕೇ ದಿನ. ಮೇ 28ಕ್ಕೆ ಹೋವರ್ಡ್ ಡೆಮಾಕ್ರಟ್ಸ್ ನಾಯಕಿ ಮೆಗ್ ಲೀಸ್ ಜೊತೆ ಒಪ್ಪಂದ ಘೋಷಿಸಿದರು. ಅಡುಗೆಗೆ ಬೇಕಾದ ಮೂಲ ಆಹಾರ ಪದಾರ್ಥಗಳಿಗೆ ತೆರಿಗೆ ಇಲ್ಲ. ಜೂನ್ 28ಕ್ಕೆ ಸೆನೆಟ್‌ನಲ್ಲಿ ಮಸೂದೆ ಪಾಸು. 2000ದ ಜುಲೈ 1ರಿಂದ ಜಾರಿ. ಡೆಮಾಕ್ರಟ್ಸ್‌ನ ಇಬ್ಬರು, ನಟಾಶಾ ಸ್ಟಾಟ್ ಡೆಸ್ಪೋಯಾ ಮತ್ತು ಆಂಡ್ರ್ಯೂ ಬಾರ್ಟ್ಲೆಟ್, ತಮ್ಮದೇ ನಾಯಕಿಯ ವಿರುದ್ಧ ಮತ ಹಾಕಿದರು. ನಮ್ಮಲ್ಲಾದರೆ ವಿಪ್ ಉಲ್ಲಂಘನೆ, ಪಕ್ಷಾಂತರ ಕಾಯ್ದೆ ಎಂದು ಸದಸ್ಯತ್ವಕ್ಕೇ ಕುತ್ತು ಬರುತ್ತಿತ್ತು. ಅಲ್ಲಿ ಮುಂದೆ ಇಬ್ಬರೂ ಪಕ್ಷದ ನಾಯಕರೇ ಆದರು.

ಹೀಗಾಗಿ "ಐ ಕೆನಾಟ್" ಭಾಷಣ ಜಿಎಸ್‌ಟಿಯನ್ನು ನಿಲ್ಲಿಸಲಿಲ್ಲ. 45 ದಿನ ತಡ ಮಾಡಿತು, ಸರ್ಕಾರವನ್ನು ಇನ್ನೊಂದು ಬಾಗಿಲಿಗೆ ಓಡಿಸಿತು. ಆಸ್ಟ್ರೇಲಿಯಾದವರು ಇವತ್ತು ಅಕ್ಕಿ, ಹಾಲು, ತರಕಾರಿಗೆ ಜಿಎಸ್‌ಟಿ ಕೊಡುವುದಿಲ್ಲ ಅಂದರೆ ಅದರಲ್ಲಿ ಆ ಶುಕ್ರವಾರದ ಪಾಲೂ ಇದೆ, ಅಡ್ಡದಾರಿಯಲ್ಲಿ. ಜೊತೆಗೆ ತರಲೆಯೂ ಬಂತು. ಬ್ರೆಡ್ಡಿಗೆ ತೆರಿಗೆ ಇಲ್ಲ, ಕೇಕಿಗೆ ಇದೆ. ಅಂಗಡಿಯಲ್ಲಿ ಬಿಸಿಬಿಸಿ ಸುಟ್ಟ ಕೋಳಿ ಕೊಂಡರೆ ತೆರಿಗೆ, ಸುಡದ ಕೋಳಿಗೆ ಇಲ್ಲ. ನಗಬೇಡಿ. 2020ರಲ್ಲಿ ನಮ್ಮ ಕರ್ನಾಟಕದ ಜಿಎಸ್‌ಟಿ ಪ್ರಾಧಿಕಾರ ಪರೋಟ ಬೇರೆ, ರೊಟ್ಟಿ ಬೇರೆ, ಆದ್ದರಿಂದ ಶೇ 5 ಅಲ್ಲ ಶೇ 18 ಎಂದಿತ್ತಲ್ಲ.

ಮತ ಇಲ್ಲದ ಮಾತು

ಹಾಗಾದರೆ ಹ್ಯಾರಡೀನ್ ಅವರ ಮಾತಿಗೆ ಲೆಕ್ಕದ ಹೊರತಾಗಿ ತೂಕವೇ ಇರಲಿಲ್ಲವಾ? ಇತ್ತು. ಅದಕ್ಕೆ ಸಾಕ್ಷಿ ಅದೇ 1999ರ ಮೇ ತಿಂಗಳಲ್ಲೇ ಇದೆ. ಜಿಎಸ್‌ಟಿ ಗದ್ದಲದಲ್ಲಿ ದೇಶದ ಹೊರಗಿನವರು ಅದನ್ನು ಗಮನಿಸಲಿಲ್ಲ ಅಷ್ಟೇ.

1997ರ ಜುಲೈನಲ್ಲಿ ಆಸ್ಟ್ರೇಲಿಯಾ ಚೀನಾದ ಒಬ್ಬ ಹೆಂಗಸನ್ನು ಗಡೀಪಾರು ಮಾಡಿತ್ತು. ಆಶ್ರಯ ಕೇಳಿ ಬಂದವಳು, ಅರ್ಜಿ ತಿರಸ್ಕಾರವಾಗಿತ್ತು. ಆಗ ಅವಳು ಎಂಟೂವರೆ ತಿಂಗಳ ಬಸುರಿ. ಊರಿಗೆ ಮರಳಿದ ಮೇಲೆ ಅಲ್ಲಿನ ಅಧಿಕಾರಿಗಳು ಬಲವಂತದ ಗರ್ಭಪಾತ ಮಾಡಿಸಿದರು ಎಂಬ ಆರೋಪ. ದಾಖಲೆಗಳಲ್ಲಿ ಅವಳ ಹೆಸರು "ಮಿಸ್ ಝಡ್" ಮಾತ್ರ. ಇದನ್ನು ಸೆನೆಟ್‌ನಲ್ಲಿ ಎತ್ತಿದವರು ಹ್ಯಾರಡೀನ್. ಅಲ್ಲಿ ಮಸೂದೆ ಇರಲಿಲ್ಲ, 39ರ ಲೆಕ್ಕ ಇರಲಿಲ್ಲ, ಕೊಡು-ಕೊಳ್ಳುವುದಕ್ಕೆ ಏನೂ ಇರಲಿಲ್ಲ. ಪ್ರಶ್ನೆ ಮಾತ್ರ. ಯಾರು ಕಳಿಸಿದರು, ಬಸುರಿ ಎಂದು ಗೊತ್ತಿದ್ದೂ ಹೇಗೆ ಕಳಿಸಿದರು?

ಸೆನೆಟ್ ಸಮಿತಿಯೊಂದು ಇದನ್ನು ಕೈಗೆತ್ತಿಕೊಂಡು ಇಡೀ ನಿರಾಶ್ರಿತರ ವ್ಯವಸ್ಥೆಯನ್ನೇ ಜಾಲಾಡಿತು. 2000ದ ಜೂನ್‌ನಲ್ಲಿ ದಪ್ಪನೆಯ ವರದಿ ಬಂತು. ಗರ್ಭಪಾತದ ವಿರುದ್ಧ ಅವರಿಗಿದ್ದ ಹಠವನ್ನು ಒಪ್ಪದವರು ಕೂಡ ಈ ಪ್ರಶ್ನೆಯಲ್ಲಿ ಅವರ ಜೊತೆ ನಿಂತರು. ಆರ್‌ಯು-486 ತಿದ್ದುಪಡಿ ಬರೆದದ್ದೂ ಅದೇ ಹಠ, ಈ ಹೆಂಗಸಿಗಾಗಿ ಎದ್ದು ನಿಂತದ್ದೂ ಅದೇ ಹಠ. ಒಂದನ್ನು ಮೆಚ್ಚಿ ಇನ್ನೊಂದನ್ನು ಬೈಯುವ ನನ್ನಂಥವರಿಗೆ ಇದು ಸ್ವಲ್ಪ ಇರುಸುಮುರುಸು.

2005ರ ಜೂನ್ 30ರಂದು ಅವರ ಅವಧಿ ಮುಗಿಯಿತು. ಮರುದಿನ ಹೊಸ ಸೆನೆಟ್. ಹೋವರ್ಡ್ ಮೈತ್ರಿಕೂಟದ ಬಲ ಸರಿಯಾಗಿ 39. ಸೆಪ್ಟೆಂಬರ್‌ನಲ್ಲಿ ಟೆಲ್‌ಸ್ಟ್ರಾದ ಉಳಿದ ಪಾಲಿನ ಮಾರಾಟಕ್ಕೂ ಒಪ್ಪಿಗೆ ಸಿಕ್ಕಿತು, ಯಾವ ಪಕ್ಷೇತರನ ಬಾಯಿ ನೋಡುವ ಅಗತ್ಯವೂ ಬೀಳಲಿಲ್ಲ.

ಆರ್‌ಯು-486 ತಿದ್ದುಪಡಿ ಮಾತ್ರ ಅವರು ಸದನ ಬಿಟ್ಟ ಮೇಲೂ ಏಳು ತಿಂಗಳು ಬದುಕಿತ್ತು. ಅದನ್ನು ತೆಗೆಯಲು ನಾಲ್ಕು ಬೇರೆ ಬೇರೆ ಪಕ್ಷಗಳ ನಾಲ್ವರು ಸೆನೆಟರ್‌ಗಳು, ನಾಲ್ವರೂ ಹೆಂಗಸರು, ಒಟ್ಟಿಗೆ ಸೇರಿ ಖಾಸಗಿ ಮಸೂದೆ ತರಬೇಕಾಯಿತು. ಪಕ್ಷಗಳು ವಿಪ್ ಸಡಿಲಿಸಿ ಆತ್ಮಸಾಕ್ಷಿಯ ಮತಕ್ಕೆ ಬಿಟ್ಟವು. 2006ರ ಫೆಬ್ರವರಿ 9ರಂದು ಸೆನೆಟ್‌ನಲ್ಲಿ 45-28. ಹತ್ತು ವರ್ಷದ ಹಿಂದೆ ಚುಟುಕಾಗಿ ಮುಗಿದಿದ್ದ ಚರ್ಚೆಯನ್ನು ಈ ಸಲ ಸದನ ಪೂರ್ತಿ ಮಾಡಿತು. ಆ ಕೆಂಪು ಆಸನಗಳಲ್ಲಿ ಹ್ಯಾರಡೀನ್ ಇರಲಿಲ್ಲ.